ಮೊಬೈಲ್ ಯಾರಿಗೆಲ್ಲ ನಮ್ಮ ಜಾಗ ಹೇಳುತ್ತದೆ?

ಮಕ್ಕಳೇ, ಮೊಬೈಲ್ ನಕ್ಷೆಯಲ್ಲಿ ನೀವು ನಿಂತ ಜಾಗವನ್ನು ತೋರಿಸುವ ನೀಲಿ ಚುಕ್ಕಿಯನ್ನು ನೋಡಿರುತ್ತೀರಿ. ಮೇಲಿನಿಂದ ಉಪಗ್ರಹ ನಮ್ಮನ್ನು ನೋಡುತ್ತಿದೆ ಎಂದೇ ದೊಡ್ಡವರಲ್ಲೂ ಹಲವರು ತಿಳಿದಿದ್ದಾರೆ. ಪಾಪ, ಉಪಗ್ರಹಕ್ಕೆ ನಾವು ಯಾರೆಂದೇ ಗೊತ್ತಿಲ್ಲ! ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ, ತಾವು ಎಲ್ಲಿದ್ದೇವೆ, ಈಗ ಸಮಯ ಎಷ್ಟು ಎಂದು ಸಾರುತ್ತಿರುತ್ತವೆ. ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಸಾಕು, ಲೆಕ್ಕ ಹಾಕಿ ಜಾಗ ಕಂಡುಹಿಡಿಯುವುದು ನಿಮ್ಮ ಫೋನೇ. ರೇಡಿಯೋ ಹಚ್ಚಿ ಕುಳಿತವರು ಯಾರೆಂದು ಆಕಾಶವಾಣಿಗೆ ತಿಳಿಯುತ್ತದೆಯೇ? ಇದೂ ಹಾಗೆಯೇ. ನಮ್ಮ ಇಸ್ರೋದ ನಾವಿಕ್ ಉಪಗ್ರಹ ವ್ಯವಸ್ಥೆ ಕೂಡ ಇದೇ ರೀತಿ ಕೆಲಸ ಮಾಡುತ್ತದೆ.

ಹಾಗಾದರೆ ಗುಟ್ಟು ಹೊರಗೆ ಹೋಗುವುದು ಹೇಗೆ? ಫೋನ್ ಕೇಳಿಸಿಕೊಳ್ಳುವುದಷ್ಟೇ ಅಲ್ಲ, ಮಾತನ್ನೂ ಆಡುತ್ತದೆ. ಕರೆ ಬರಬೇಕಾದರೆ ಹತ್ತಿರದ ಟವರಿಗೆ ತಾನಿರುವುದನ್ನು ತಿಳಿಸಲೇಬೇಕು. ಅದನ್ನು ತಪ್ಪಿಸಲಾಗದು. ವೈಫೈ ಕತೆ ಬೇರೆ. ವೈಫೈ ಆನ್ ಇದ್ದರೆ ಫೋನ್ ಆಗಾಗ ‘ಇಲ್ಲಿ ಯಾವುದಾದರೂ ವೈಫೈ ಇದೆಯೇ?’ ಎಂದು ರೇಡಿಯೋ ಅಲೆಗಳಲ್ಲಿ ಕೂಗುತ್ತದೆ. ಹಾಗೆ ಕೂಗುವಾಗ ತನ್ನ ಗುರುತಿನ ಸಂಖ್ಯೆಯನ್ನೂ ಹೇಳುತ್ತದೆ. ಅದೇ ಮ್ಯಾಕ್ ವಿಳಾಸ. ಅಂಕಿ ಮತ್ತು ಇಂಗ್ಲಿಷ್ ಅಕ್ಷರ ಸೇರಿ 12 ಸ್ಥಾನಗಳಿರುತ್ತವೆ. ಕಾರ್ಖಾನೆಯಿಂದ ಬಂದ ಅಸಲಿ ವಿಳಾಸದಲ್ಲಿ ಮೊದಲ ಆರು ನೋಡಿದರೆ ತಯಾರಿಸಿದ ಕಂಪನಿಯೇ ತಿಳಿದುಬಿಡುತ್ತದೆ.

2013ರಲ್ಲಿ ಲಂಡನ್ ನಗರದಲ್ಲಿ ಏನಾಯಿತು ಕೇಳಿ. ಜಾಹೀರಾತಿನ ಪರದೆಯಿದ್ದ ಕೆಲವು ಕಸದ ಡಬ್ಬಗಳೊಳಗೆ ಈ ಕೂಗನ್ನು ಹಿಡಿಯುವ ಯಂತ್ರ ಇಟ್ಟಿದ್ದರು. ಪಕ್ಕದಲ್ಲಿ ನಡೆದುಹೋದವರ ಫೋನಿನ ಗುರುತಿನ ಸಂಖ್ಯೆ ಅದರಲ್ಲಿ ದಾಖಲಾಗುತ್ತಿತ್ತು. ನಡೆಯುವವರಿಗೆ ಇದರ ಸುಳಿವೇ ಇರಲಿಲ್ಲ. ಸುದ್ದಿ ಹೊರಬಿದ್ದೊಡನೆ, ಅದೇ ವರ್ಷದ ಆಗಸ್ಟಿನಲ್ಲಿ, ನಗರಾಡಳಿತ ಅದನ್ನು ನಿಲ್ಲಿಸಲು ಹೇಳಿತು. ಸರಿಯಾದ ಕೆಲಸವನ್ನೇ ಮಾಡಿತು.

‘ಬರೀ ಸಂಖ್ಯೆ ತಾನೇ, ನನ್ನ ಹೆಸರಿಲ್ಲವಲ್ಲ’ ಅನ್ನಬೇಡಿ. ಅದೇ ವರ್ಷ ಪ್ರಕಟವಾದ ಅಧ್ಯಯನದಲ್ಲಿ ವಿಜ್ಞಾನಿಗಳು ಹೆಸರು ತೆಗೆದುಹಾಕಿದ್ದ 15 ಲಕ್ಷ ಜನರ ಫೋನ್ ದಾಖಲೆಗಳನ್ನು ಪರಿಶೀಲಿಸಿದರು. ಒಬ್ಬರು ಯಾವ ಹೊತ್ತಿಗೆ ಎಲ್ಲಿದ್ದರು ಎಂಬ ನಾಲ್ಕು ವಿವರ ಇದ್ದರೆ, 100ರಲ್ಲಿ 95 ಮಂದಿಯ ದಾಖಲೆಯನ್ನು ಉಳಿದವರ ನಡುವಿನಿಂದ ಬೇರ್ಪಡಿಸಬಹುದಾಗಿತ್ತು. ಮನೆ, ಶಾಲೆ, ಟ್ಯೂಷನ್, ಅಜ್ಜಿ ಮನೆ. ಈ ನಾಲ್ಕೂ ಇರುವವರು ನಿಮ್ಮನ್ನು ಬಿಟ್ಟರೆ ಇನ್ನೆಷ್ಟು ಜನ?

ಒಳ್ಳೆಯ ಸುದ್ದಿಯೂ ಇದೆ. 2014ರಿಂದ ಐಫೋನ್‌ಗಳು ವೈಫೈ ಹುಡುಕುವಾಗ ಸುಳ್ಳು ಸಂಖ್ಯೆ ಹೇಳಲು ಕಲಿತವು. 2019ರ ಆಂಡ್ರಾಯ್ಡ್ 10ರಿಂದ ಬೇರೆ ಬೇರೆ ವೈಫೈಗೆ ಬೇರೆ ಬೇರೆ ಸಂಖ್ಯೆ ಕೊಡುವ ಏರ್ಪಾಡು ಬಂತು. ಮನೆಯ ಫೋನಿನಲ್ಲಿ ಇದನ್ನು ಪರೀಕ್ಷಿಸಿ ನೋಡಿ, ಬಹಳ ಮಜವಾಗಿದೆ. ಸೆಟ್ಟಿಂಗ್ಸ್‌ನಲ್ಲಿ ವೈಫೈ ತೆರೆದು, ಜೋಡಿಸಿಕೊಂಡಿರುವ ವೈಫೈ ಹೆಸರಿನ ವಿವರ ಒತ್ತಿ. ಅಲ್ಲಿ ಕಾಣುವ ಮ್ಯಾಕ್ ವಿಳಾಸದ ಎರಡನೆಯ ಸ್ಥಾನದಲ್ಲಿ 2, 6, ಎ ಅಥವಾ ಇ ಇದ್ದರೆ ಅದು ಫೋನ್ ತಾನೇ ಹುಟ್ಟಿಸಿಕೊಂಡ ಸಂಖ್ಯೆ.

ಆದರೆ ಫೋನ್ ಎಷ್ಟೇ ಜಾಣತನ ತೋರಿದರೂ, ನಾವೇ ಅನುಮತಿ ಕೊಟ್ಟ ಆ್ಯಪ್ ಎದುರು ಅದರ ಆಟ ನಡೆಯದು. ನಕ್ಷೆಗೆ ಜಾಗ ಬೇಕು, ಒಪ್ಪೋಣ. ಬಲೂನ್ ಒಡೆಯುವ ಆಟಕ್ಕೆ ಏಕೆ ಬೇಕು? ಹವಾಮಾನ ಹೇಳುವ ಆ್ಯಪ್‌ಗೆ ಊರು ಗೊತ್ತಿದ್ದರೆ ಸಾಕು, ಬೀದಿ ಬೇಡ. ಅದಕ್ಕೆಂದೇ ಹೊಸ ಫೋನ್‌ಗಳಲ್ಲಿ ನಿಖರ ಜಾಗದ ಬದಲು ಅಂದಾಜು ಜಾಗ ಕೊಡುವ ಆಯ್ಕೆ ಇದೆ. ಕ್ಯಾಮೆರಾದಲ್ಲೂ ಜಾಗದ ಆಯ್ಕೆ ಆನ್ ಇದ್ದರೆ, ಹುಟ್ಟುಹಬ್ಬದ ಫೋಟೋದೊಳಗೆ ನಿಮ್ಮ ಮನೆಯ ಅಕ್ಷಾಂಶ, ರೇಖಾಂಶ ಅಡಗಿ ಕುಳಿತಿರುತ್ತವೆ.

ನೀವೆಲ್ಲಿದ್ದೀರಿ ಎಂದು ಅಪ್ಪ ಅಮ್ಮನಿಗೆ ತಿಳಿದಿರಲಿ, ಅದು ಬೇಕು. ಉಳಿದಂತೆ, ಈ ಭಾನುವಾರ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾವ ಯಾವ ಆ್ಯಪ್‌ಗೆ ಜಾಗದ ಅನುಮತಿ ಇದೆ ಎಂದು ಒಂದೊಂದಾಗಿ ನೋಡಿ. ಏಕೆ ಬೇಕು ಎಂಬುದಕ್ಕೆ ಉತ್ತರ ಸಿಗದ ಆ್ಯಪ್‌ನ ಅನುಮತಿ ತೆಗೆದುಬಿಡಿ.