ಸಂಕೋಲೆ ಹೋಯಿತು, ಸಾಲದ ಪುಸ್ತಕ ಉಳಿಯಿತು

(ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ರೈತರ ಮುಂದೆ ಆಡಿದ ಮಾತಿನ ಬರಹ ರೂಪ)



ಕಬ್ಬಿನ ಬೆಲೆ, ಭತ್ತದ ಬೆಲೆ, ಸೊಸೈಟಿ ಸಾಲ ಇವುಗಳ ಮಾತು ಬಿಟ್ಟು ಇವನೇನಪ್ಪಾ ಅಮೆರಿಕದ ಕತೆ ತೆಗೆದ ಅಂತ ನಿಮಗೆ ಅನ್ನಿಸಬಹುದು. ಸ್ವಲ್ಪ ತಾಳಿ. ಇದೂ ಬೆಲೆಯ ಮಾತೇ, ಇದೂ ಸಾಲದ ಮಾತೇ. ನೂರ ಅರವತ್ತು ವರ್ಷದ ಹಿಂದೆ ಆ ದೇಶದಲ್ಲಿ ಒಂದೇ ಮನೆಯ ಅಣ್ಣತಮ್ಮಂದಿರು ಬಂದೂಕು ಹಿಡಿದು ಎದುರುಬದುರು ನಿಂತರು. ಹೊಲದಲ್ಲಿ ದುಡಿಯುವ ಮನುಷ್ಯ ಇನ್ನೊಬ್ಬನ ಸ್ವತ್ತು ಆಗಬಹುದೇ, ಆಗಬಾರದೇ ಅನ್ನುವುದೇ ಜಗಳದ ಮೂಲ. ಆ ಜಗಳದ ಬಿಸಿ ನಮ್ಮ ಧಾರವಾಡದ ಹತ್ತಿ ಹೊಲಕ್ಕೂ ತಟ್ಟಿತು. ಆ ಜಗಳದ ಪ್ರಶ್ನೆಯಂತೂ ನಮ್ಮ ಮಂಡ್ಯ ಸೀಮೆಯ ಕೊಟ್ಟಿಗೆ, ಕಣಗಳಲ್ಲೂ ಇತ್ತು. ಅದಕ್ಕೇ ಹೇಳುತ್ತಿದ್ದೇನೆ.

1860ರಲ್ಲಿ ಅಮೆರಿಕದ ಜನಸಂಖ್ಯೆ ಸುಮಾರು 3 ಕೋಟಿ 14 ಲಕ್ಷ. ಅದರಲ್ಲಿ 40 ಲಕ್ಷದ ಹತ್ತಿರ ಜನ ಗುಲಾಮರು. ಇವರ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿಕೊಂಡು ತಂದದ್ದು. ನಾವು ಜಾತ್ರೆಯಲ್ಲಿ ಎತ್ತಿನ ಹಲ್ಲು ಹಿಡಿದು ನೋಡಿ ವ್ಯಾಪಾರ ಮಾಡುತ್ತೇವಲ್ಲ, ಹಾಗೆ ಅಲ್ಲಿ ಗಂಡಾಳು, ಹೆಣ್ಣಾಳು, ಮಕ್ಕಳನ್ನು ನೋಡಿ ಕೊಳ್ಳುತ್ತಿದ್ದರು. ಗಂಡ ಒಂದು ಕಡೆಗೆ, ಹೆಂಡತಿ ಇನ್ನೊಂದು ಕಡೆಗೆ ಮಾರಾಟವಾದರೂ ಕೇಳುವವರಿಲ್ಲ. ಗುಲಾಮನನ್ನು ಅಡವಿಟ್ಟು ಸಾಲವನ್ನೂ ತರುತ್ತಿದ್ದರು. ದಕ್ಷಿಣದ ರಾಜ್ಯಗಳ ದೊಡ್ಡ ಜಮೀನುದಾರರಿಗೆ ಇದೇ ಬಂಡವಾಳ. ಆ ಗುಲಾಮರ ಒಟ್ಟು ಬೆಲೆ ಕಟ್ಟಿದರೆ, ಇಡೀ ದೇಶದ ರೈಲು ಮತ್ತು ಕಾರ್ಖಾನೆಗಳ ಬೆಲೆಗಿಂತ ಹೆಚ್ಚಾಗುತ್ತಿತ್ತು.

ಈ ಗುಲಾಮರು ಬೆಳೆಯುತ್ತಿದ್ದದ್ದು ಮುಖ್ಯವಾಗಿ ಹತ್ತಿ. ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಐದು ಪಾಲಿಗೆ ನಾಲ್ಕು ಪಾಲಿನಷ್ಟು ಅಲ್ಲಿಂದಲೇ ಹೋಗುತ್ತಿತ್ತು. ಗುಲಾಮಗಿರಿ ಹೊಸ ಸೀಮೆಗಳಿಗೆ ಹರಡಬಾರದು ಎಂದು ಹೇಳಿದ ಅಬ್ರಹಾಂ ಲಿಂಕನ್ 1860ರ ನವೆಂಬರ್ ಚುನಾವಣೆಯಲ್ಲಿ ಗೆದ್ದ ಕೂಡಲೇ ದಕ್ಷಿಣದ ರಾಜ್ಯಗಳು ಒಂದೊಂದಾಗಿ ದೇಶ ಬಿಟ್ಟು ಹೊರಟವು. ಕೊನೆಗೆ 11 ರಾಜ್ಯಗಳು ಬೇರೆ ಸರ್ಕಾರ ಕಟ್ಟಿಕೊಂಡವು. 1861ರ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ಫಿರಂಗಿ ಹಾರಿತು. ಯುದ್ಧ ಶುರುವಾಯಿತು.

ಮೂರು ತಿಂಗಳಲ್ಲಿ ಮುಗಿದೀತು ಅಂದುಕೊಂಡವರು ಬಹಳ ಜನ. ನಾಲ್ಕು ವರ್ಷ ನಡೆಯಿತು. ಮೊದಮೊದಲು ಲಿಂಕನ್ ಹೇಳಿದ್ದು ದೇಶ ಒಡೆಯಬಾರದು ಅಂತ ಅಷ್ಟೇ. ಆದರೆ ಗುಲಾಮರು ಸುಮ್ಮನೆ ಕೂರಲಿಲ್ಲ. ರಾತ್ರೋರಾತ್ರಿ ಹೊಲ ಬಿಟ್ಟು ಉತ್ತರದ ಸೇನೆಯ ಬಿಡಾರಕ್ಕೆ ಓಡಿಬಂದರು. ಬಂದವರನ್ನು ಹಿಂದಕ್ಕೆ ಕಳಿಸುವುದೇ, ಇಟ್ಟುಕೊಳ್ಳುವುದೇ? ಈ ಪ್ರಶ್ನೆಗೆ ಸರ್ಕಾರ ಉತ್ತರ ಹೇಳಲೇಬೇಕಾಯಿತು. 1863ರ ಜನವರಿ 1ರಂದು, ದಂಗೆಯೆದ್ದ ರಾಜ್ಯಗಳ ಗುಲಾಮರೆಲ್ಲ ಸ್ವತಂತ್ರರು ಎಂದು ಲಿಂಕನ್ ಸಾರಿದರು. ಆಮೇಲೆ ಸುಮಾರು 1 ಲಕ್ಷ 80 ಸಾವಿರ ಕಪ್ಪು ಜನ ಸೇನೆ ಸೇರಿ ಹೋರಾಡಿದರು. ಬಿಡುಗಡೆ ಬರೀ ಮೇಲಿಂದ ಬಂದ ದಾನ ಅಲ್ಲ, ಇದನ್ನು ನೆನಪಿಡಿ. ಅದೇ 1863ರ ಜುಲೈನಲ್ಲಿ ಗೆಟಿಸ್‌ಬರ್ಗ್‌ನಲ್ಲಿ ಮೂರು ದಿನದ ಕಾಳಗ. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಎರಡೂ ಕಡೆಯಿಂದ ಸುಮಾರು 50 ಸಾವಿರ. ಮರುದಿನವೇ ಮಿಸಿಸಿಪಿ ನದಿಯ ದಡದ ವಿಕ್ಸ್‌ಬರ್ಗ್ ಉತ್ತರದವರ ಕೈಗೆ ಬಂತು. 1865ರ ಏಪ್ರಿಲ್ 9ರಂದು ದಕ್ಷಿಣದ ದಂಡನಾಯಕ ಲೀ ಶರಣಾದ. ಐದು ದಿನ ಕಳೆದು ಲಿಂಕನ್‌ಗೆ ಗುಂಡು ಬಿತ್ತು. ಆ ವರ್ಷದ ಡಿಸೆಂಬರ್‌ನಲ್ಲಿ ಸಂವಿಧಾನ ತಿದ್ದಿ ಗುಲಾಮಗಿರಿಯನ್ನು ದೇಶದಲ್ಲೆಲ್ಲ ತೆಗೆದುಹಾಕಿದರು.

ಖರ್ಚಿನ ಲೆಕ್ಕ ನೋಡಿ. ಸತ್ತ ಸೈನಿಕರು 6 ಲಕ್ಷ 20 ಸಾವಿರ ಎಂದು ಬಹುಕಾಲ ಹೇಳುತ್ತಿದ್ದರು. ಈಚೆಗೆ ಜನಗಣತಿಯ ಲೆಕ್ಕ ಹಿಡಿದು ನೋಡಿದವರು 7 ಲಕ್ಷದ ಹತ್ತಿರ, ಇನ್ನೂ ಹೆಚ್ಚು ಎನ್ನುತ್ತಾರೆ. ಗುಂಡಿಗಿಂತ ಭೇದಿ, ಜ್ವರಕ್ಕೆ ಬಲಿಯಾದವರೇ ಹೆಚ್ಚು. ಅಮೆರಿಕ ಸರ್ಕಾರದ ಸಾಲ ಯುದ್ಧಕ್ಕೆ ಮುಂಚೆ ಸುಮಾರು ಆರೂವರೆ ಕೋಟಿ ಡಾಲರ್ ಇದ್ದದ್ದು ಯುದ್ಧ ಮುಗಿಯುವಾಗ ಸುಮಾರು 270 ಕೋಟಿ ಡಾಲರ್‌ಗೆ ಏರಿತು. ದಕ್ಷಿಣದ ಸರ್ಕಾರದ ನೋಟು ಬರೀ ಕಾಗದವಾಯಿತು.

ಈ ಖರ್ಚು ಹೊತ್ತವರು ಯಾರು? ದಕ್ಷಿಣದ ಬಿಳಿಯರಲ್ಲಿ ಬಹುಪಾಲು ಮನೆಗಳಲ್ಲಿ ಒಬ್ಬ ಗುಲಾಮನೂ ಇರಲಿಲ್ಲ. ಅವರೂ ನಮ್ಮಂತೆ ನೇಗಿಲು ಹಿಡಿದವರೇ. ಆದರೆ ದೊಡ್ಡವರ ಸ್ವತ್ತು ಉಳಿಸಲು ಸಾಯುವುದಕ್ಕೆ ಹೋದವರು ಅವರು. 1862ರಲ್ಲಿ ದಕ್ಷಿಣದ ಸರ್ಕಾರ ಒಂದು ಕಾನೂನು ಮಾಡಿತು: 20 ಗುಲಾಮರಿರುವ ಜಮೀನಿಗೆ ಒಬ್ಬ ಬಿಳಿಯನಿಗೆ ಸೇನೆಯಿಂದ ವಿನಾಯಿತಿ. ಉತ್ತರದಲ್ಲೂ 300 ಡಾಲರ್ ಕಟ್ಟಿದವನು ತಪ್ಪಿಸಿಕೊಳ್ಳಬಹುದಿತ್ತು. 1863ರಲ್ಲಿ ದಕ್ಷಿಣದ ರೈತರ ಬೆಳೆಯಲ್ಲಿ ಹತ್ತರಲ್ಲಿ ಒಂದು ಪಾಲನ್ನು ತೆರಿಗೆಯಾಗಿ ಎಳೆದುಕೊಂಡರು. ಲೆವಿ ಭತ್ತ ಅಳೆದು ಕೊಟ್ಟ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಮ್ಮ ನಾಡಿಗೆ ಬನ್ನಿ. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿದ್ದರಿಂದ ಇಂಗ್ಲೆಂಡಿಗೆ ಹತ್ತಿ ಹೋಗುವುದು ನಿಂತಿತು. ಗಿರಣಿಗಳು ಮುಚ್ಚಿ ಲಂಕಾಶೈರಿನ ಕೂಲಿಕಾರರು ಉಪವಾಸ ಬಿದ್ದರು. ಆಗ ಗಿರಣಿ ಸಾಹುಕಾರರ ಕಣ್ಣು ಬಿದ್ದದ್ದು ನಮ್ಮ ಕರಿಮಣ್ಣಿನ ಮೇಲೆ. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ಹತ್ತಿ ಬೀಜ ಬಿತ್ತಿಸಿದ್ದರು. ಅಲ್ಲಿನ ನಾಡ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹೋಗುತ್ತಿದ್ದುದರಿಂದ ಅದಕ್ಕೆ ಕುಮಟಾ ಹತ್ತಿ ಅಂತಲೇ ಹೆಸರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಬೊಂಬಾಯಿ ಪ್ರಾಂತಕ್ಕೆ ಸೇರಿಸಿದರು. ಕಾರವಾರದ ಬಂದರು ಬೆಳೆಸಿ ಧಾರವಾಡದ ಹತ್ತಿ ಸಾಗಿಸಬೇಕು ಅನ್ನುವುದು ಅದರ ಹಿಂದಿನ ದೊಡ್ಡ ಕಾರಣ. ನೋಡಿ, ನಮ್ಮ ಜಿಲ್ಲೆಯ ಗಡಿಯನ್ನು ಬದಲಿಸಿದ್ದು ಯಾವ ದೇಶದ ಯುದ್ಧ!

ಹತ್ತಿ ಬೆಲೆ ಮೂರು ನಾಲ್ಕು ಪಟ್ಟು ಏರಿತು. ರೈತ ಜೋಳ ಬಿಟ್ಟು ಹತ್ತಿ ಹಾಕಿದ. ಸಾಹುಕಾರ ಕರೆದು ಕರೆದು ಸಾಲ ಕೊಟ್ಟ. 1865ರಲ್ಲಿ ಅಲ್ಲಿ ಯುದ್ಧ ನಿಂತಿತು, ಇಲ್ಲಿ ಬೆಲೆ ಬಿತ್ತು. ಬೊಂಬಾಯಿಯ ಷೇರು ಪೇಟೆ ಮುಳುಗಿತು. ಬೆಲೆ ಇಳಿಯಿತೇ ಹೊರತು ಸಾಲ ಇಳಿಯಲಿಲ್ಲ, ಕಂದಾಯ ಇಳಿಯಲಿಲ್ಲ. ಅದೇ ಪ್ರಾಂತದ ಪುಣೆ ಜಿಲ್ಲೆಯ ಸೂಪಾದಲ್ಲಿ 1875ರ ಮೇ ತಿಂಗಳಲ್ಲಿ ರೈತರು ಎದ್ದರು. ಅವರು ಹುಡುಕಿ ಹುಡುಕಿ ಸುಟ್ಟದ್ದು ಸಾಹುಕಾರರ ಸಾಲಪತ್ರಗಳನ್ನು. ಅದಾದ ಮೇಲೆ, 1879ರಲ್ಲಿ, ದಖನ್ನಿನ ರೈತರಿಗಾಗಿ ಒಂದು ಕಾಯಿದೆ ಬಂತು: ನ್ಯಾಯಾಲಯ ಬರೀ ಪತ್ರ ನೋಡಿ ತೀರ್ಪು ಕೊಡಬಾರದು, ಪತ್ರದ ಹಿಂದಿನ ಲೆಕ್ಕವನ್ನೆಲ್ಲ ಬಿಡಿಸಿ ನೋಡಬೇಕು.

ಅತ್ತ ಬಿಡುಗಡೆಯಾದ ಗುಲಾಮರ ಗತಿ ಏನಾಯಿತು? 1865ರ ಜನವರಿಯಲ್ಲಿ ಷರ್ಮನ್ ಎಂಬ ಸೇನಾಪತಿ ಸಮುದ್ರ ತೀರದ ಜಮೀನನ್ನು ಮನೆಗೆ 40 ಎಕರೆ ಮೀರದಂತೆ ಅವರಿಗೆ ಹಂಚಲು ಆಜ್ಞೆ ಮಾಡಿದ. ಕೆಲವರು ಉತ್ತು ಬಿತ್ತಿಯೂ ಬಿಟ್ಟರು. ಲಿಂಕನ್ ನಂತರ ಬಂದ ಅಧ್ಯಕ್ಷ ಜಾನ್ಸನ್ ಅದೇ ವರ್ಷ ಬಹುಪಾಲು ಜಮೀನನ್ನು ಹಳೆಯ ಒಡೆಯರಿಗೇ ಹಿಂದಕ್ಕೆ ಕೊಡಿಸಿದ. ಕೈಯಲ್ಲಿ ಭೂಮಿ ಇಲ್ಲ, ಎತ್ತಿಲ್ಲ, ಬೀಜವಿಲ್ಲ. ಹಳೆಯ ಒಡೆಯನ ಹೊಲವನ್ನೇ ವಾರಕ್ಕೆ ಮಾಡಿದರು. ಬೀಜ, ಬಟ್ಟೆ, ಹಿಟ್ಟು ಎಲ್ಲ ಅಂಗಡಿಯಿಂದ ಸಾಲ. ಬೆಳೆಯೇ ಅಡವು. ಹತ್ತಿಯನ್ನೇ ಹಾಕಬೇಕು ಅಂತ ಅಂಗಡಿಯವನ ಕಟ್ಟಳೆ. ಸುಗ್ಗಿಯಲ್ಲಿ ಲೆಕ್ಕ ಬರೆಯುವವನು ಅವನೇ, ಲೆಕ್ಕ ಓದುವವನು ಅವನೇ. ಮಿಸಿಸಿಪಿಯಲ್ಲಿ 1865ರಲ್ಲೇ ಇನ್ನೊಂದು ಕಾನೂನು ಮಾಡಿದ್ದರು: ವರ್ಷದ ಕರಾರು ಮುಗಿಯುವ ಮೊದಲು ಕೆಲಸ ಬಿಟ್ಟರೆ ಕೂಲಿ ಹೋಯಿತು, ಆಳನ್ನು ಹಿಡಿದು ತರಬಹುದು. ಹತ್ತಿ ಬೆಲೆ ವರ್ಷ ವರ್ಷ ಬೀಳುತ್ತಾ ಹೋದಂತೆ ಬಿಳಿಯ ಸಣ್ಣ ರೈತರೂ ಭೂಮಿ ಕಳಕೊಂಡು ಅದೇ ಅಂಗಡಿ ಪುಸ್ತಕಕ್ಕೆ ಬಿದ್ದರು. 7 ಲಕ್ಷ ಜೀವ ಕೊಟ್ಟು ಕಾಲಿನ ಸಂಕೋಲೆ ಕತ್ತರಿಸಿದರು. ಸಾಲದ ಪುಸ್ತಕ ಹಾಗೇ ಉಳಿಯಿತು.

ಇಷ್ಟು ಕೇಳಿದ ಮೇಲೆ ನಿಮಗೆ ನಮ್ಮೂರಿನ ಜೀತ ನೆನಪಿಗೆ ಬರಲಿಲ್ಲವೇ? ಇಂಡಿಯಾದಲ್ಲಿ ಗುಲಾಮಗಿರಿಗೆ ಕೋರ್ಟಿನ ಬೆಂಬಲ ತೆಗೆದ ಕಾಯಿದೆ 1843ರಲ್ಲೇ ಬಂದಿತ್ತು. ಅಮೆರಿಕಕ್ಕಿಂತ ಇಪ್ಪತ್ತು ವರ್ಷ ಮೊದಲು! ಆದರೆ ನಮ್ಮಲ್ಲಿ ಮನುಷ್ಯನನ್ನು ಕಟ್ಟಿಹಾಕಿದ್ದು ಸಾಲದ ಹಗ್ಗ. ಮಗಳ ಮದುವೆಗೋ, ಸಾವಿನ ಖರ್ಚಿಗೋ, ಹೊಟ್ಟೆಗೋ ಒಬ್ಬ ಒಂದಿಷ್ಟು ದುಡ್ಡು ಎತ್ತುತ್ತಿದ್ದ. ಅದಕ್ಕೆ ತಾನೇ ಜೀತಕ್ಕೆ ನಿಲ್ಲುತ್ತಿದ್ದ, ಇಲ್ಲವೇ ಹತ್ತು ವರ್ಷದ ಮಗನನ್ನು ದನ ಕಾಯಲು ಬಿಡುತ್ತಿದ್ದ. ಊಟ, ವರ್ಷಕ್ಕೆ ಒಂದು ಜೊತೆ ಬಟ್ಟೆ, ಒಂದು ಕಂಬಳಿ, ಕಾಲಿಗೆ ಮೆಟ್ಟು. ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ, ಅದನ್ನು ರಾಂಪುರ ಎಂದು ಕರೆದು ಬರೆದಾಗ ಈ ಜೀತದ ಕರಾರನ್ನೂ ದಾಖಲು ಮಾಡಿದರು. ನಮ್ಮ ಕಡೆ ಕನ್ನಂಬಾಡಿ ಕಟ್ಟೆಯ ನಾಲೆ ಬಂತು, 1933ರಲ್ಲಿ ಸಕ್ಕರೆ ಕಂಪನಿ ಹುಟ್ಟಿತು, ಮಳೆ ನಂಬಿದ್ದ ಹೊಲ ಗದ್ದೆಯಾಯಿತು. ಆದರೆ ರಾತ್ರಿ ಗದ್ದೆಗೆ ನೀರು ಕಟ್ಟಿದ ಕೈ ಬಹಳ ಕಡೆ ಜೀತದ ಕೈಯೇ. ಆ ಕೈ ಹೆಚ್ಚಾಗಿ ದಲಿತರ ಕೇರಿಯಿಂದ ಬಂದದ್ದು ಅನ್ನುವುದೂ ನಿಮಗೆ ಗೊತ್ತು.

1975ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಜೀತ ಪದ್ಧತಿ ರದ್ದು ಕಾಯಿದೆ ಬಂತು. ಅದೇ 1976ರಲ್ಲಿ ದೇವರಾಜ ಅರಸರ ಸರ್ಕಾರ ಋಣ ಪರಿಹಾರ ಕಾಯಿದೆ ತಂದು ಸಣ್ಣ ರೈತರ, ಭೂಮಿ ಇಲ್ಲದವರ ಸಾಹುಕಾರಿ ಸಾಲ ಅಳಿಸಿತು. ಜೀತದ ಕಾಯಿದೆ ಏನು ಹೇಳುತ್ತದೆ ಕೇಳಿ. ಜೀತಕ್ಕೆ ಹಚ್ಚಿದ ಸಾಲ ತೀರಿಸಬೇಕಾಗಿಲ್ಲ, ಅದು ಸತ್ತಂತೆ. ಇದು ಜೀತದ ಸಾಲ ಅಲ್ಲ ಅಂತ ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದು. ಜೀತ ಮಾಡಿಸಿದವನಿಗೆ ಮೂರು ವರ್ಷದವರೆಗೆ ಸಜೆ. ಮುಂಗಡ ಕೊಟ್ಟು ಕಡಿಮೆ ಕೂಲಿಗೆ ದುಡಿಸುವುದು, ಬೇರೆ ಕಡೆ ಕೆಲಸಕ್ಕೆ ಹೋಗಬಾರದು ಅನ್ನುವುದು, ಊರು ಬಿಡಬಾರದು ಅನ್ನುವುದು, ಇವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಇನ್ನೊಂದು ಮಾತೂ ಅದರಲ್ಲಿದೆ. ಸಾಲದ ಕಟ್ಟಿಗೆ ಬಿದ್ದು, ತನ್ನ ದುಡಿಮೆಯ ಫಲವನ್ನು ಮಾರುಕಟ್ಟೆ ಬೆಲೆಗೆ ಮಾರುವ ಹಕ್ಕನ್ನು ಕಳೆದುಕೊಳ್ಳುವುದನ್ನೂ ಆ ಕಾಯಿದೆ ಜೀತದ ಲಕ್ಷಣಗಳಲ್ಲಿ ಸೇರಿಸಿದೆ. ಮಂಡಿಯವನ ಮುಂಗಡ ತಿಂದು, ಅವನು ಹೇಳಿದ ಬೆಲೆಗೆ ಬೆಲ್ಲ ಸುರಿದು ಬಂದವರು ಈ ಸಾಲನ್ನು ಎರಡು ಸಲ ಓದಿ.

ಕಾಯಿದೆ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. 1978-79ರಲ್ಲಿ ಗಾಂಧಿ ಶಾಂತಿ ಪ್ರತಿಷ್ಠಾನದವರು ಹತ್ತು ರಾಜ್ಯಗಳಲ್ಲಿ ಸಮೀಕ್ಷೆ ಮಾಡಿದಾಗ ಜೀತದಾಳುಗಳು 26 ಲಕ್ಷದಷ್ಟು ಎಂದು ಅಂದಾಜು ಸಿಕ್ಕಿತು. ಕರ್ನಾಟಕವೂ ಆ ಪಟ್ಟಿಯಲ್ಲಿತ್ತು. 1982ರಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಹೇಳಿತು. ಇಷ್ಟಾದ ಮೇಲೂ 2000ದಲ್ಲಿ, ನಮ್ಮದೇ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿ ಕಲ್ಲು ಕ್ವಾರಿಯಲ್ಲಿ ಕಾಲಿಗೆ ಕಬ್ಬಿಣದ ಸಂಕೋಲೆ ಹಾಕಿದ ಕೂಲಿಗಳು ಸಿಕ್ಕರು. ಅವರನ್ನು ಹೊರಗೆ ತಂದವರು ರೈತ ಸಂಘದವರು. ಅದು ಹೆಮ್ಮೆಯ ಮಾತು. ಆದರೆ ನಮ್ಮ ಜಿಲ್ಲೆಯಲ್ಲಿ ಆ ಸಂಕೋಲೆ ಇತ್ತು ಅನ್ನುವುದು ನಾಚಿಕೆಯ ಮಾತು.

ಈಗ ನೀವು ಹೇಳುವುದು ನನಗೆ ಗೊತ್ತು. "ನಮಗೇ ಬೆಲೆ ಇಲ್ಲ, ಆಳಿಗೆ ಎಲ್ಲಿಂದ ಕೊಡೋಣ? ಮುಂಗಡ ಕೊಡದಿದ್ದರೆ ಕಬ್ಬು ಕಡಿಯೋಕೆ ಒಬ್ಬನೂ ಬರೋದಿಲ್ಲ." ನಿಜ. 2015ರಲ್ಲಿ ನಮ್ಮ ಜಿಲ್ಲೆಯ ಕಬ್ಬು ಬೆಳೆಗಾರರು ಸಾಲದ ಹೊರೆಗೆ ಜೀವ ಕಳಕೊಂಡದ್ದನ್ನು ನಾವು ಕಂಡಿದ್ದೇವೆ. ಆದರೆ ಲೆಕ್ಕ ಹಾಕಿ ನೋಡಿ. ಬೆಳೆಯ ಬೆಲೆ ಕೇಳುವಾಗ ಬೇಸಾಯದ ಖರ್ಚು ತೋರಿಸುತ್ತೇವೆ. ಅದರಲ್ಲಿ ದೊಡ್ಡ ಪಾಲು ಆಳಿನ ಕೂಲಿ. ನಾವು ಆಳಿಗೆ ಕೂಳು ಕಂಬಳಿ ಕೊಟ್ಟು ಬೆಳೆದರೆ ದೆಹಲಿಯಲ್ಲಿ ಕೂತವನು ಖರ್ಚು ಅಷ್ಟೇ ಅಂತ ಬರೆದುಕೊಳ್ಳುತ್ತಾನೆ. ಆಳಿನ ಹೊಟ್ಟೆ ಹೊಡೆದು ಉಳಿಸಿದ ದುಡ್ಡು ನಮ್ಮ ಜೇಬಿಗೆ ಬರುವುದಿಲ್ಲ, ಕೊಳ್ಳುವವನ ಜೇಬಿಗೆ ಹೋಗುತ್ತದೆ. ದಕ್ಷಿಣ ಅಮೆರಿಕದ ಸೀಮೆಯಲ್ಲಲ್ಲ, ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಆದದ್ದೂ ಇದೇ. ದುಡಿಯುವ ಕೈಯನ್ನು ಅಗ್ಗ ಮಾಡಿದ ಮೇಲೆ ಪಕ್ಕದ ಸಣ್ಣ ರೈತನ ದುಡಿಮೆಯೂ ಅಗ್ಗವಾಯಿತು.

ಆದ್ದರಿಂದ ನಿಮ್ಮನ್ನು ಕೇಳುವುದು ಇಷ್ಟು. ನಿಮ್ಮ ಪೆಟ್ಟಿಗೆಯಲ್ಲಿ ಯಾರದಾದರೂ ಹೆಬ್ಬೆಟ್ಟಿನ ಚೀಟಿ ಇದ್ದರೆ, ಅದರ ಬದಲು ಅವನ ದುಡಿಮೆ ತಿನ್ನುತ್ತಿದ್ದರೆ, ಅದನ್ನು ಅವನ ಮುಂದೆಯೇ ಹರಿಯಿರಿ. ಮುಂಗಡ ಕೊಡಲೇಬೇಕಾದರೆ ಲೆಕ್ಕ ಎರಡು ಕಡೆ ಬರೆಯಿರಿ, ಒಂದು ಅವನ ಕೈಯಲ್ಲಿರಲಿ. ಸರ್ಕಾರ ಗೊತ್ತು ಮಾಡಿದ ಕೂಲಿಗಿಂತ ಒಂದು ಕಾಸೂ ಕಡಿಮೆ ಬೇಡ. ಬಿಟ್ಟು ಹೋಗುತ್ತೇನೆ ಅಂದರೆ ಹೋಗಲಿ ಬಿಡಿ, ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಊರಿನಲ್ಲಿ, ಇಟ್ಟಿಗೆ ಗೂಡಿನಲ್ಲಿ, ಕ್ವಾರಿಯಲ್ಲಿ ಕಟ್ಟಿಹಾಕಿದ ಜನ ಕಂಡರೆ ತಹಸೀಲ್ದಾರರಿಗೆ, ಉಪವಿಭಾಗಾಧಿಕಾರಿಗೆ ಬರೆದು ಕೊಡಿ. ಜಿಲ್ಲೆಗೆ, ಉಪವಿಭಾಗಕ್ಕೆ ಜಾಗೃತಿ ಸಮಿತಿ ಇರಬೇಕು ಅಂತ ಕಾಯಿದೆಯೇ ಹೇಳುತ್ತದೆ. ಅದು ಸಭೆ ಸೇರಿದೆಯೇ ಅಂತ ಕೇಳಿ. ಬಿಡುಗಡೆಯಾದವನಿಗೆ ಪುನರ್ವಸತಿ ಹಣ 1978ರಲ್ಲಿ 4 ಸಾವಿರ ರೂಪಾಯಿ ಇದ್ದದ್ದು 2016ರಲ್ಲಿ ಗಂಡಾಳಿಗೆ 1 ಲಕ್ಷಕ್ಕೆ, ಹೆಂಗಸರು ಮಕ್ಕಳಿಗೆ ಇನ್ನೂ ಹೆಚ್ಚಿಗೆ ಏರಿದೆ. ಅದು ಅವನ ಕೈ ಸೇರುವವರೆಗೆ ಜೊತೆಗೆ ನಿಲ್ಲಿ. ಬರಿಗೈಯಲ್ಲಿ ಬಿಟ್ಟರೆ ನಾಳೆ ಇನ್ನೊಂದು ಬಾಗಿಲಲ್ಲಿ ಹೆಬ್ಬೆಟ್ಟು ಒತ್ತುತ್ತಾನೆ.

ನಮ್ಮ ಸಾಲದ ಲೆಕ್ಕ ಬಿಚ್ಚಿ ತೋರಿಸಿ ಅಂತ ಬ್ಯಾಂಕಿನವನನ್ನು, ಮಂಡಿಯವನನ್ನು, ಸರ್ಕಾರವನ್ನು ಕೇಳುವವರು ನಾವು. ಅದನ್ನು ಗಟ್ಟಿ ಗಂಟಲಲ್ಲಿ ಕೇಳಬೇಕಾದರೆ ನಮ್ಮ ಕೊಟ್ಟಿಗೆಯಲ್ಲಿ ಇನ್ನೊಬ್ಬನ ಲೆಕ್ಕ ಮುಚ್ಚಿಟ್ಟಿರಬಾರದು. ಅಲ್ಲಿ 7 ಲಕ್ಷ ಜನ ಸತ್ತು ಅರ್ಧ ಕೆಲಸ ಮಾಡಿದರು. ಇಲ್ಲಿ ಯಾರೂ ಸಾಯಬೇಕಾಗಿಲ್ಲ. ಒಂದು ಚೀಟಿ ಹರಿಯಬೇಕು, ಒಂದು ನ್ಯಾಯವಾದ ಕೂಲಿ ಕೊಡಬೇಕು, ಆ ಕೂಲಿ ಸೇರಿಸಿದ ನ್ಯಾಯವಾದ ಬೆಲೆಯನ್ನು ಎಲ್ಲರೂ ಸೇರಿ ಕೇಳಬೇಕು. ಅಷ್ಟು ಮಾಡಿ.