ತುಕ್ಕು ಹಿಡಿದ ಬೋಲ್ಟು

ಕಬ್ಬಿಣಕ್ಕೆ ಹಿಡಿಯುವುದು ತುಕ್ಕು; ತಾಮ್ರ ಹಿತ್ತಾಳೆಗಳಿಗೆ ಹಿಡಿಯುವುದು ಕಿಲುಬು. ಪಾತ್ರೆ ಬೆಳಗಿದವರೆಲ್ಲರೂ ಈ ಭೇದವನ್ನು ಬಲ್ಲರು. ಕಿಲುಬು ಹುಣಸೆಹಣ್ಣಿಗೆ ಬಗ್ಗುತ್ತದೆ. ತುಕ್ಕು ಹಾಗಲ್ಲ. ನೀರೂ ಗಾಳಿಯೊಳಗಿನ ಆಮ್ಲಜನಕವೂ ಕೂಡಿ ಕಬ್ಬಿಣವನ್ನು ತಿಂದಾಗ ಹುಟ್ಟುವ ಈ ಪದಾರ್ಥವು, ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಾಲಿಗೂ ಮಿಕ್ಕ ಜಾಗವನ್ನು ಬೇಡುತ್ತದೆ. ಬಯಲಿನಲ್ಲಿ ಹುಟ್ಟಿದರೆ ಪುಡಿಯಾಗಿ ಉದುರೀತು. ಬೋಲ್ಟಿಗೂ ಅದು ಕುಳಿತ ತೂತಿಗೂ ನಡುವೆ ಹುಟ್ಟಿದರೆ ಎಲ್ಲಿಗೆ ಹೋದೀತು? ಅಲ್ಲಿಯೇ ಉಬ್ಬಿ, ಬೆಣೆ ಹೊಡೆದಂತೆ ಎರಡನ್ನೂ ಬಿಗಿದುಬಿಡುತ್ತದೆ. ಬೋಲ್ಟು ಹಟ ಮಾಡುತ್ತಿದೆ ಎಂದು ನಾವು ಬೈಯುತ್ತೇವೆ. ವಾಸ್ತವವಾಗಿ ಅದು ಸಿಕ್ಕಿಕೊಂಡಿರುತ್ತದೆ.

ಕನ್ನಡ ಪಂಡಿತನಿಗೆ ಈ ವಿಷಯವೇಕೆ ಎಂದು ನೀವು ಕೇಳಬಹುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದ ಮಿಷಿಗನ್ ರಾಜ್ಯದಲ್ಲಿದ್ದಾನೆ. ಅಲ್ಲಿನವರು ರಜೆಯಲ್ಲಿ ಕಾರಿನ ಹಿಂದೆ ಒಂದು ಮನೆಯನ್ನೇ ಕಟ್ಟಿಕೊಂಡು ಊರೂರು ಸುತ್ತುವುದುಂಟು. ಮಲಗುವ ಮಂಚ, ಒಲೆ, ಬಚ್ಚಲು ಎಲ್ಲವೂ ಅದರಲ್ಲಿರುತ್ತವೆ. ಟ್ರಾವೆಲ್ ಟ್ರೇಲರ್ ಎಂದು ಅದರ ಹೆಸರು. ನಾನು ಬಂಡಿಮನೆ ಎನ್ನುತ್ತೇನೆ. ಚಳಿಗಾಲದಲ್ಲಿ ರಸ್ತೆಯ ಮಂಜು ಕರಗಲೆಂದು ಅಲ್ಲಿ ಉಪ್ಪು ಚೆಲ್ಲುತ್ತಾರೆ. ಉಪ್ಪುನೀರು ಬಂಡಿಯ ಅಡಿಗೆ ಎರಚಿತೆಂದರೆ ತುಕ್ಕಿಗೆ ಹಬ್ಬ.

ಬಂಡಿಮನೆಯ ಭಾರವೆಲ್ಲ ನಿಂತಿರುವುದು ನಮ್ಮ ಲಾರಿಗಳಲ್ಲಿರುವಂತಹ ಉಕ್ಕಿನ ಪಟ್ಟಿಗಳ ಸ್ಪ್ರಿಂಗಿನ ಮೇಲೆ. ಸ್ಪ್ರಿಂಗಿನ ತುದಿಯನ್ನು ಶ್ಯಾಕಲ್ ಎಂಬ ಎರಡು ಪಟ್ಟಿಗಳು ತೂಗುಹಾಕಿರುತ್ತವೆ. ಪಟ್ಟಿಗಳನ್ನು ಹಿಡಿದಿರುವುದು ಹೆಬ್ಬೆರಳಿಗಿಂತ ಸಣ್ಣ ಬೋಲ್ಟು. ಬೋಲ್ಟಿನ ಸುತ್ತಲಿನ ನೈಲಾನ್ ಬಳೆ ಸವೆದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ತೂತು ಮೊಟ್ಟೆಯಾಕಾರವಾಗುತ್ತದೆ. ಹೆದ್ದಾರಿಯಲ್ಲಿ ಅದು ಮುರಿದರೆ ಅಚ್ಚು ಜಾರಿ ಚಕ್ರವೇ ಅಡ್ಡವಾದೀತು. ಮುಂದಿನ ಕಾರಿನಲ್ಲಿ ಇವನ ಹೆಂಡತಿ, ಎರಡು ಮಕ್ಕಳು. ಆದುದರಿಂದ ಬೋಲ್ಟು ಬದಲಿಸಲು ಹೊರಟ. "ಮೇಷ್ಟ್ರೇ, ಶನಿವಾರವಿಡೀ ಜಗ್ಗಿದೆ. ತಲೆ ಹಿಡಿದು ತಿರುಗಿಸಿದೆ, ತಿರುಗಿತು, ಬೋಲ್ಟು ಮಾತ್ರ ಬರಲಿಲ್ಲ" ಎಂದು ಬರೆದ.

ನಮ್ಮ ಬೀದಿಯ ಗ್ಯಾರೇಜಿನ ಮೇಸ್ತ್ರಿಗೆ ಇದನ್ನು ಓದಿ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ತಲೆಯ ಕೆಳಗೆ ಹಲ್ಲಿದೆಯೇ ಕೇಳಿ, ಮೇಷ್ಟ್ರೇ." ಹಲ್ಲು ಇತ್ತು. ಚಕ್ರದ ಬೋಲ್ಟುಗಳಲ್ಲಿ ಇರುವಂತೆ ಈ ಬೋಲ್ಟುಗಳ ಕುತ್ತಿಗೆಯಲ್ಲೂ ಸಣ್ಣ ಸಣ್ಣ ಏಣುಗಳುಂಟು. ಅವು ತೂತಿನ ಅಂಚನ್ನು ಕಚ್ಚಿ, ಬೋಲ್ಟು ತಿರುಗದಂತೆ ಹಿಡಿಯುತ್ತವೆ. ಇಂತಹ ಬೋಲ್ಟಿನ ತಲೆಯನ್ನು ತಿರುಗಿಸಬಾರದು. ತಿರುಗಿಸಿದರೆ ಹಲ್ಲು ತೂತನ್ನು ತುರಿದುಹಾಕುತ್ತದೆ. ತಲೆಯನ್ನು ಅಲುಗದಂತೆ ಹಿಡಿದು ನಟ್ಟನ್ನು ಮಾತ್ರ ಬಿಚ್ಚಬೇಕು, ಆಮೇಲೆ ಬೋಲ್ಟನ್ನು ಹಿಂದಿನಿಂದ ಸುತ್ತಿಗೆಯಲ್ಲಿ ನೇರವಾಗಿ ಹೊಡೆದು ಹೊರಡಿಸಬೇಕು. ಎರಡರಲ್ಲಿ ಯಾವುದು ತಿರುಗತಕ್ಕದ್ದು, ಯಾವುದು ನಿಲ್ಲತಕ್ಕದ್ದು ಎಂದು ತಿಳಿಯದೆ ಸ್ಪ್ಯಾನರಿಗೆ ಕೊಳವೆ ಸೇರಿಸಿ ಜಗ್ಗುವುದು ಶಕ್ತಿಯ ದಂಡ.

ಮತ್ತೊಂದು ಸಂಗತಿ. ಭಾರ ಹೊತ್ತ ಬೋಲ್ಟು ತುಕ್ಕಿಲ್ಲದಿದ್ದರೂ ಬರುವುದಿಲ್ಲ. ಬಾವಿಯ ಹಗ್ಗದಲ್ಲಿ ಕೊಡ ತೂಗುತ್ತಿರುವಾಗ ಗಂಟು ಬಿಚ್ಚಲಾದೀತೇ? ನೆಲ ಗಟ್ಟಿಯಿರಬೇಕು, ಆಚೆ ಬದಿಯ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಅಡ್ಡಗಟ್ಟೆ ಕೊಡಬೇಕು. ಬಂಡಿಯ ಚೌಕಟ್ಟನ್ನು ಎತ್ತಿ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಬಳಿಕ ಅಚ್ಚಿನ ಕೆಳಗೆ ಬೇರೊಂದು ಜಾಕನ್ನಿಟ್ಟು, ಬೋಲ್ಟಿನ ಮೇಲಿನ ಒತ್ತಡ ಕಳೆಯುವವರೆಗೆ ಕೂದಲೆಳೆಯಷ್ಟು ಏರಿಸಿ ಇಳಿಸಿ ನೋಡಬೇಕು. ಬರಿಯ ಜಾಕನ್ನು ನಂಬಿ ಯಾರೂ ಅಡಿಗೆ ನುಸುಳಬಾರದು.

ಇನ್ನು ಎಣ್ಣೆ. ಮಂದವಾದ ಎಣ್ಣೆ ಒಳಗೆ ಹೋಗದು. ದೀಪದ ಬತ್ತಿಯಲ್ಲಿ ಏರುವಂತೆ ಸಂದಿಯಲ್ಲಿ ನುಸುಳುವ ತೆಳು ಎಣ್ಣೆ ಬೇಕು. ಎಲ್ಲರಿಗೂ ಪರಿಚಿತವಾದ ಡಬ್ಲ್ಯೂ.ಡಿ. 40 ಇದಕ್ಕೆಂದೇ ಹುಟ್ಟಿದ್ದಲ್ಲ. ಸ್ಯಾನ್ ಡಿಯಾಗೋದ ರಾಕೆಟ್ ಕೆಮಿಕಲ್ ಕಂಪನಿಯವರು 1953ರಲ್ಲಿ ತುಕ್ಕು ತಡೆಯಲೆಂದು ಅದನ್ನು ಮಾಡಿದರು. ಹೆಸರಿನ ಅರ್ಥ ‘ನೀರನ್ನು ಹೊರದೂಡುವುದು, 40ನೆಯ ಯತ್ನ’ ಎಂದು. ಬಿಗಿದ ಬೋಲ್ಟಿಗೆ ಸಂದಿಗೆ ನುಸುಳುವಂತೆಯೇ ತಯಾರಾದ ಎಣ್ಣೆ ಮೇಲು. ಮೊದಲು ತಂತಿಯ ಬ್ರಷ್ಷಿನಿಂದ ಮರೆಗಳನ್ನು ಉಜ್ಜಿ, ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಲಘುವಾಗಿ ತಟ್ಟಿ, ರಾತ್ರಿ ಬಿಟ್ಟುಬಿಡಬೇಕು. ಬೆಳಿಗ್ಗೆ ಮತ್ತೆ ಬಿಡಬೇಕು. ಆರು ಮೂಲೆಯ ಸಾಕೆಟ್ಟನ್ನೇ ಹಾಕಿ, ಒಂದಿಷ್ಟು ಬಿಗಿಯುವ ಕಡೆಗೆ, ಮತ್ತೊಂದಿಷ್ಟು ಸಡಿಲಿಸುವ ಕಡೆಗೆ ಆಡಿಸಬೇಕು. ಅವಸರದವರ ಬೋಲ್ಟು ಮುರಿಯುತ್ತದೆ.

ಬೆಂಕಿಯ ಉಪಾಯವನ್ನು ನಮ್ಮ ಕಮ್ಮಾರರು ಬಲ್ಲರು. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟೆಯನ್ನು ಕಾಯಿಸಿಯೇ ತೊಡಿಸುತ್ತಾರೆ. ಇಲ್ಲಿಯೂ ಅದೇ ತತ್ತ್ವ: ನಟ್ಟನ್ನು ಮಾತ್ರ ಕಾಯಿಸಿದರೆ ಅದು ಹಿಗ್ಗುತ್ತದೆ. ಹದಿನಾಲ್ಕು ಮಿಲಿಮೀಟರಿನ ತೂತು 300 ಡಿಗ್ರಿ ಕಾದರೆ ಹಿಗ್ಗುವುದು ಮಿಲಿಮೀಟರಿನ 20ರಲ್ಲಿ 1 ಪಾಲು. ತುಕ್ಕು ಬಿರಿಯಲು ಅಷ್ಟು ಸಾಕು. ಆದರೆ ಬಂಡಿಮನೆಯ ಅಡಿಯಲ್ಲಿ ಅಡಿಗೆ ಗ್ಯಾಸಿನ ಕೊಳವೆ ಹಾದಿರುತ್ತದೆ, ಬ್ರೇಕಿನ ತಂತಿ ಇರುತ್ತದೆ, ಮೇಲೆ ಮರದ ನೆಲ. ಆಗತಾನೆ ಬಿಟ್ಟ ಎಣ್ಣೆಯೂ ಹೊತ್ತಿಕೊಂಡೀತು. ಮನೆಯವರು ಈ ಕೆಲಸಕ್ಕೆ ಕೈಹಾಕದೆ ಗ್ಯಾರೇಜಿಗೆ ಬಿಡುವುದೇ ಲೇಸೆಂದು ನನ್ನ ಅಭಿಪ್ರಾಯ.

ನಮ್ಮ ಹುಡುಗ ಬೆಂಕಿಯನ್ನು ಮುಟ್ಟಲಿಲ್ಲ. ಎರಡು ರಾತ್ರಿ ಎಣ್ಣೆ ಕುಡಿಸಿದ ಮೇಲೆ ಐದು ಬೋಲ್ಟುಗಳು ಬಂದವು. ತಲೆ ತಿರುಗಿಸಿದ್ದ ಆ ಒಂದನ್ನು, ಶ್ಯಾಕಲ್ಲಿಗೂ ಚೌಕಟ್ಟಿನ ಕಿವಿಗೂ ನಡುವಿನ ಸಂದಿಯಲ್ಲಿ ಗರಗಸ ಹಾಕಿ ಕತ್ತರಿಸಬೇಕಾಯಿತು. ಹೇಗೂ ಹಳೆಯ ಬೋಲ್ಟು ಮತ್ತೆ ಹಾಕತಕ್ಕದ್ದಲ್ಲ, ನಷ್ಟವೇನಿಲ್ಲ. ಕೆಟ್ಟ ತೂತಿದ್ದ ಕಿವಿಯನ್ನು ಬೆಸುಗೆಯವರಿಂದ ಹೊಸದು ಮಾಡಿಸಿದ.

ಹೊಸ ಬೋಲ್ಟುಗಳು ಕಂಚಿನ ಬಳೆಯವು. ನಡುವೆ ತೂತು ಕೊರೆದು ತಲೆಯಲ್ಲಿ ಗ್ರೀಸು ಹಾಕುವ ಮೂತಿಯನ್ನಿಟ್ಟಿರುತ್ತಾರೆ. ನಮ್ಮ ಗಾಡಿಯವರು ಬಂಡಿಯಡಿಗೆ ಕೀಲೆಣ್ಣೆಯ ಕೊಳವೆಯನ್ನು ತೂಗುಹಾಕಿಕೊಂಡು ಹೋಗುತ್ತಿದ್ದುದು ನಿಮಗೆ ನೆನಪಿರಬಹುದು; ಇದು ಅದೇ ಕೀಲೆಣ್ಣೆ ಬೋಲ್ಟಿನ ಹೊಟ್ಟೆಗೆ ಸೇರಿದಂತೆ. ನಟ್ಟನ್ನು ಉಸಿರುಗಟ್ಟುವಷ್ಟು ಬಿಗಿಯಬಾರದು, ಶ್ಯಾಕಲ್ ತೂಗಾಡಲು ಬೇಕು. ಗ್ರೀಸು ಹಾಕುವಾಗಲೂ ಚೌಕಟ್ಟನ್ನು ಎತ್ತಿ ಭಾರ ಇಳಿಸಿಯೇ ಹಾಕಬೇಕು. ಇಲ್ಲವಾದರೆ ಒತ್ತಡವಿರುವ ಮಗ್ಗುಲಿಗೆ ಗ್ರೀಸು ತಲುಪುವುದೇ ಇಲ್ಲ.