ತೋಟದ ಮೇಲಿನ ಬೆಟ್ಟ

ಶಿರಸಿ ತಾಲೂಕಿನ ಸಾಲ್ಕಣಿ ಕಡೆ ಹೋದವರಿಗೆ ಊರು ಯಾವಾಗ ಬಂತೆಂದು ಗೊತ್ತಾಗುವುದು ಕಷ್ಟ. ಮನೆಗಳ ಗುಂಪೇ ಇಲ್ಲವಲ್ಲ! ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಅಡಿಕೆ ತೋಟ, ಅದರ ಅಂಚಿಗೆ ನಾಲ್ಕಾರು ಮನೆ, ಮನೆಯ ಹಿಂದೆ ಬೆಟ್ಟ. ಉತ್ತರ ಕನ್ನಡದ ಘಟ್ಟದ ಮೇಲಿನ ಕಣಿವೆಯೂರುಗಳೆಲ್ಲ ಹೆಚ್ಚುಕಡಿಮೆ ಹೀಗೇ.

ತೋಟ ತಗ್ಗಿನಲ್ಲೇ ಏಕೆ? ಗಾಳಿ, ಬಿಸಿಲಿನ ಕಾಟ ಅಲ್ಲಿ ಕಡಿಮೆ. ಗುಡ್ಡ ಮಳೆಗಾಲದಲ್ಲಿ ಕುಡಿದ ನೀರು ಬೇಸಿಗೆಯಲ್ಲೂ ಅಲ್ಲಿ ಒಸರುತ್ತದೆ. ಆ ಅಬ್ಬಿ ನೀರನ್ನು, ಅಂದರೆ ಒರತೆಯ ನೀರನ್ನು, ಸೀಳಿದ ಅಡಿಕೆ ಮರದ ದಬ್ಬೆಗಳಲ್ಲಿ ಹಾಯಿಸಿ ಬಚ್ಚಲ ಹಂಡೆಯವರೆಗೂ ತರುತ್ತಿದ್ದರು. ಆದರೆ ಇಲ್ಲಿಯ ಮಳೆ ಸಾಮಾನ್ಯದ್ದಲ್ಲ, ಮಣ್ಣಿನ ಸತ್ವವನ್ನೂ ತೊಳೆದುಕೊಂಡು ಹೋಗುತ್ತದೆ. ಅದನ್ನು ತುಂಬಿಕೊಡುವುದು ಬೆಟ್ಟ. ಮರಗಳ ಸೊಪ್ಪು ಸವರಿ ಹೊರೆ ಕಟ್ಟಿ ತರುತ್ತಾರೆ. ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸುತ್ತಾರೆ. ಸಗಣಿ, ಗಂಜಲ ಬೆರೆತು ತುಳಿದು ಕೊಳೆತದ್ದು ಬುಟ್ಟಿಯಲ್ಲಿ ಮರದ ಬುಡ ಸೇರುತ್ತದೆ. ಬೇಸಿಗೆಯಲ್ಲಿ ಸೊಪ್ಪಿನ ಬದಲು ದರಕು, ಅಂದರೆ ಒಣಗಿ ಉದುರಿದ ಎಲೆ.

ಈ ಸೊಪ್ಪಿನ ಹಕ್ಕಿಗೂ ಒಂದು ಹಿನ್ನೆಲೆಯಿದೆ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಬ್ರಿಟಿಷರಿಗೆ ಕಾಡು ಬೇಕಿತ್ತು, ತೋಟದ ಕಂದಾಯವೂ ಬೇಕಿತ್ತು. ಕಾಡನ್ನು ಕೈವಶ ಮಾಡಿಕೊಂಡರೂ ಸೊಪ್ಪು ನಿಲ್ಲಿಸಿದರೆ ತೋಟ ಉಳಿಯದೆಂದು ತಿಳಿದು, ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟರು. ನೆಲ ಸರ್ಕಾರದ್ದು, ಸೊಪ್ಪು ತೋಟಿಗನದ್ದು. ಮರವೇರಿ ಅಡಿಕೆ ಗೊನೆ ಇಳಿಸುವ ಕೊನೆಗೌಡನಿಗೆ ಸ್ವಂತ ತೋಟವಿಲ್ಲದಿದ್ದರೆ ಈ ಹಕ್ಕೂ ಇಲ್ಲ. ಬೆಟ್ಟದ ಗುಣಗಾನ ಮಾಡುವಾಗ ನಾವು ಇದನ್ನು ಸುಲಭವಾಗಿ ಮರೆಯುತ್ತೇವೆ.

ಸ್ವಾತಂತ್ರ್ಯದ ನಂತರವೂ ಸುತ್ತಲಿನ ನೈಸರ್ಗಿಕ ಕಾಡು ಕಾರ್ಖಾನೆಗಳ ಪಾಲಾಗುತ್ತಲೇ ಹೋಯಿತು. ಅದರ ಜಾಗಕ್ಕೆ ಸಾಗವಾನಿ, ನೀಲಗಿರಿ ಬಂದವು. ನೀಲಗಿರಿ ಎಲೆಯಿಂದ ಗೊಬ್ಬರವಾದೀತೇ? ಝರಿಗಳೂ ಸೊರಗತೊಡಗಿದವು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಸುತ್ತಲಿನ ಗಂಡಸರು, ಹೆಂಗಸರು, ಮಕ್ಕಳು ಮಳೆಯಲ್ಲೇ ಕಾಡಿಗೆ ನಡೆದು, ಕೊಡಲಿ ಬೀಳಬೇಕಿದ್ದ ಮರಗಳನ್ನು ತಬ್ಬಿ ನಿಂತರು. ಮರ ತಬ್ಬಿ ಉಳಿಸುವ ಹಿಮಾಲಯದ ಚಿಪ್ಕೊ ಚಳವಳಿ ಇಲ್ಲಿ ಅಪ್ಪಿಕೋ ಆಯಿತು. ಪರಿಸರ ಹೋರಾಟಗಾರ ಪಾಂಡುರಂಗ ಹೆಗಡೆಯವರಂಥವರು ಅದನ್ನು ಊರೂರಿಗೆ ಒಯ್ದರು. ಮೂವತ್ತೆಂಟು ದಿನಗಳ ಪಟ್ಟಿನ ನಂತರ ಸರ್ಕಾರ ಕಡಿತದ ಆದೇಶ ಹಿಂತೆಗೆದುಕೊಂಡಿತು.

ಹೊರಗಿನವರು ಇದನ್ನು ಪರಿಸರ ಪ್ರೇಮವೆಂದು ಬರೆದರು. ಇರಬಹುದು, ಆದರೆ ಅಂದು ಅಲ್ಲಿ ನಿಂತ ಬಹುಪಾಲು ಜನ ಕಾಯುತ್ತಿದ್ದದ್ದು ತಮ್ಮ ತೋಟದ ಗೊಬ್ಬರವನ್ನು, ಹಂಡೆಯ ನೀರನ್ನು.

ಈಗ ಕೊಟ್ಟಿಗೆಗಳಲ್ಲಿ ದನ ಕಡಿಮೆ, ಸೊಪ್ಪು ಹೊರುವವರು ಇನ್ನೂ ಕಡಿಮೆ. ಅಡಿಕೆಗೆ ಬೆಲೆ ಬಂದಂತೆ ತೋಟ ಗದ್ದೆಗೂ ಹಬ್ಬಿದೆ. ಅದಕ್ಕೆ ಬೇಕಾದ ಕುರಿಗೊಬ್ಬರ ಬಯಲುಸೀಮೆಯಿಂದ ಲಾರಿಗಳಲ್ಲಿ ಘಟ್ಟಕ್ಕೆ ಬರುತ್ತದೆ.